ಬರದಲ್ಲೂ ಬೀಜ ಉಳಿಸಿದವರು: ಹಝ್ರತ್ ಯೂಸುಫ್ (ಅ)

ಯೂಸುಫ್ ನಬಿ (ಅ) ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅವರ ಚಂದ. ಹುಟ್ಟುವ ಮಗು ಚಂದ ಇರಲಿ ಅಂತ ಗರ್ಭಿಣಿಯರು ಸೂರಃ ಯೂಸುಫ್ ಓದುವ ವಾಡಿಕೆ ಎಷ್ಟೋ ಮನೆಗಳಲ್ಲಿ ಉಂಟು. ಮದ್ರಸದ ಮಕ್ಕಳನ್ನು ಕೇಳಿದರೆ ಬಾವಿ, ತೋಳ, ಕನಸು, ಕೈ ಕೊಯ್ದುಕೊಂಡ ಹೆಂಗಸರು ಅಂತ ಪಟಪಟ ಹೇಳ್ತಾರೆ. ಕುರ್‌ಆನಿನ 12ನೇ ಅಧ್ಯಾಯ, 111 ಆಯತುಗಳು, ಒಬ್ಬ ಪ್ರವಾದಿಯ ಬದುಕನ್ನು ಬಾಲ್ಯದಿಂದ ಹಿಡಿದು ಒಂದೇ ಕಡೆ ಹೇಳಿದ ಅಧ್ಯಾಯ ಅದು. ಆದ್ರೆ ಆ ಬದುಕಿನ ನಟ್ಟನಡುವೆ ಒಂದು ದೊಡ್ಡ ಬರಗಾಲ ಉಂಟು. ಅದನ್ನು ನಾವು ಸ್ವಲ್ಪ ಬೇಗ ದಾಟಿ ಹೋಗ್ತೇವೆ. ಕರಾವಳಿಯವರಾದ ನಮಗೆ ಬರ ಅಂದರೆ ಏನು ಅಂತ ಸರಿಯಾಗಿ ಗೊತ್ತಿಲ್ಲದೇ ಇರುವುದು ಇದಕ್ಕೆ ಕಾರಣ ಇರಬಹುದು.

ಅದು ಗೊತ್ತಿರುವುದು ಘಟ್ಟದ ಆಚೆಯವರಿಗೆ. ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡು ಚಳ್ಳಕೆರೆ ಮತ್ತು ಮೊಳಕಾಲ್ಮುರು ಎಂಬ ಎರಡು ತಾಲೂಕುಗಳಿವೆ. ಅಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸರಾಸರಿ 500 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ದುಪ್ಪಟ್ಟು ಸುರಿಯುತ್ತದೆ. ಕಲ್ಲುಬಂಡೆಯ ಗುಡ್ಡ, ಜಾಲಿ ಮುಳ್ಳು, ಕುರಿ ಹಿಂಡು, ಮಳೆಯನ್ನೇ ನಂಬಿಕೊಂಡ ಶೇಂಗಾ ಹೊಲ. ಚಳ್ಳಕೆರೆಯಲ್ಲಿ ಕಂಬಳಿ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಅಲ್ಲಿಯವರಿಗೆ ಹೊಸತಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದಾಗ ಈ ಎರಡೂ ತಾಲೂಕುಗಳು ಆ ಪಟ್ಟಿಯಲ್ಲಿದ್ದವು. ಸೂರಃ ಯೂಸುಫನ್ನು ಈ ನೆಲದ ರೈತನ ಕಣ್ಣಿನಿಂದ ಓದಿದರೆ ಬೇರೆಯೇ ಒಬ್ಬ ಯೂಸುಫ್ (ಅ) ಕಾಣುತ್ತಾರೆ. ಚಂದದ ಯುವಕ ಹಿಂದೆ ಸರಿದು, ಬರದ ವರ್ಷದಲ್ಲಿ ಜನರ ಅನ್ನ ಕಾದ ಮನುಷ್ಯ ಮುಂದೆ ಬರುತ್ತಾರೆ.

ಕುರಿ ಕಾಯುವವರ ಮನೆಯ ಹುಡುಗ

ಯೂಸುಫ್ (ಅ) ಹುಟ್ಟಿದ್ದು ಪ್ರವಾದಿಗಳ ಮನೆಯಲ್ಲಿ. ತಂದೆ ಯಾಕೂಬ್ (ಅ), ಅಜ್ಜ ಇಸ್‌ಹಾಕ್ (ಅ), ಮುತ್ತಜ್ಜ ಇಬ್ರಾಹೀಮ್ (ಅ). ಯಾಕೂಬರಿಗೆ ಇಸ್ರಾಈಲ್ ಅಂತ ಇನ್ನೊಂದು ಹೆಸರಿತ್ತು. ಅವರ ಹನ್ನೆರಡು ಗಂಡುಮಕ್ಕಳ ಸಂತತಿಯೇ ಬನೂ ಇಸ್ರಾಈಲ್. ಹಾಗಾಗಿ ಈ ಕಥೆ ನಮಗೆ ಮಾತ್ರ ಸೇರಿದ್ದಲ್ಲ. ಯಹೂದಿಗಳೂ ಕ್ರೈಸ್ತರೂ ಇದನ್ನು ಓದಿಕೊಂಡೇ ಬಂದವರು. ಬೈಬಲ್‌ನ ಆದಿಕಾಂಡದಲ್ಲಿ ಇವರೇ ಯೋಸೇಫ.

ಅವರದು ದೊಡ್ಡ ಅರಮನೆ ಏನಲ್ಲ. ಬಯಲಿನಲ್ಲಿ ಕುರಿ ಮೇಯಿಸಿಕೊಂಡು ಬದುಕುವ ಕುಟುಂಬ. ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ ತನಗೆ ಸುಜೂದ್ ಮಾಡಿದ ಕನಸನ್ನು ಹುಡುಗ ತಂದೆಗೆ ಹೇಳಿದ. ಇದನ್ನು ಅಣ್ಣಂದಿರ ಹತ್ತಿರ ಹೇಳಬೇಡ ಅಂತ ತಂದೆ ಎಚ್ಚರಿಸಿದರು. ಅಪ್ಪನಿಗೆ ಯೂಸುಫ್ ಮತ್ತು ಅವನ ತಮ್ಮ ಬಿನ್‌ಯಾಮೀನ್ ಮೇಲೆಯೇ ಹೆಚ್ಚು ಪ್ರೀತಿ ಅನ್ನುವ ಅಸೂಯೆ ಅಣ್ಣಂದಿರ ಹೊಟ್ಟೆಯಲ್ಲಿ ಮೊದಲೇ ಇತ್ತು. ಆಟಕ್ಕೆ ಕರೆದುಕೊಂಡು ಹೋಗ್ತೇವೆ ಅಂತ ಹೇಳಿ ಕರೆದೊಯ್ದು ಬಾವಿಗೆ ಇಳಿಸಿಬಿಟ್ಟರು. ಸಂಜೆ ಅಳುತ್ತಾ ಬಂದು, ತೋಳ ತಿಂದಿತು ಅಂತ ಸುಳ್ಳು ರಕ್ತ ಹಚ್ಚಿದ ಅಂಗಿ ತೋರಿಸಿದರು. ತೋಳದ ಭಯ ಚಳ್ಳಕೆರೆ ಬಯಲಿನ ಕುರಿಗಾಹಿಗಳಿಗೂ ಗೊತ್ತಿರುವುದೇ, ಕೇಳಿದವರು ನಂಬುವಂಥ ನೆಪ ಅದು. ಯಾಕೂಬರು ಮಾತ್ರ ನಂಬಲಿಲ್ಲ. ಇದು ನಿಮ್ಮ ಮನಸ್ಸು ಕಟ್ಟಿದ ಕಥೆ ಅಂತ ಹೇಳಿ, ಚೆಲುವಾದ ಸಹನೆಯನ್ನು ಹಿಡಿದುಕೊಂಡು ಅಲ್ಲಾಹನ ಸಹಾಯ ಬೇಡಿದರು.

ಬೈಬಲ್‌ನ ಲೆಕ್ಕದಲ್ಲಿ ಆಗ ಹುಡುಗನಿಗೆ 17 ವರ್ಷ. ದಾರಿಯಲ್ಲಿ ಹೋಗುತ್ತಿದ್ದ ವ್ಯಾಪಾರಿಗಳ ತಂಡ ನೀರಿಗೆ ಕೊಡ ಇಳಿಸಿದಾಗ ಅವನು ಸಿಕ್ಕಿದ. ಎಣಿಸಿದರೆ ಕೆಲವೇ ದಿರ್‌ಹಮ್ ಆಗುವ ಜುಜುಬಿ ಬೆಲೆಗೆ ಮಾರಿದರು. ಹೀಗೆ ಕನ್‌ಆನಿನ ಹುಡುಗ ಮಿಸ್ರ್‌ಗೆ, ಅಂದರೆ ಈಜಿಪ್ಟಿಗೆ, ಗುಲಾಮನಾಗಿ ತಲುಪಿದ.

ಸಾಕ್ಷಿ ಇದ್ದೂ ಸಿಕ್ಕಿದ ಜೈಲು

ಕೊಂಡುಕೊಂಡವನು ದೊಡ್ಡ ಅಧಿಕಾರಿ, ಅಝೀಝ್. ಮನೆಯಲ್ಲಿ ಗೌರವದಿಂದ ಇಟ್ಟುಕೊಳ್ಳಲು ಹೆಂಡತಿಗೆ ಹೇಳಿದ. ಹುಡುಗ ಯುವಕನಾದಾಗ ಆ ಹೆಂಡತಿಯೇ ಬಾಗಿಲು ಹಾಕಿ ಕೆಟ್ಟ ಕೆಲಸಕ್ಕೆ ಕರೆದಳು. ಯೂಸುಫ್ (ಅ) ಬಾಗಿಲ ಕಡೆ ಓಡಿದರು, ಹಿಂದಿನಿಂದ ಹಿಡಿದೆಳೆದ ಅಂಗಿ ಹರಿಯಿತು. ಅಂಗಿ ಹಿಂದಿನಿಂದ ಹರಿದಿದ್ದರೆ ತಪ್ಪು ಅವಳದು ಅಂತ ಅವಳ ಮನೆಯವರಲ್ಲೇ ಒಬ್ಬರು ಸಾಕ್ಷಿ ಹೇಳಿದರು. ಸತ್ಯ ಎಲ್ಲರಿಗೂ ಗೊತ್ತಾಯಿತು. ಆದರೂ ಕೊನೆಗೆ ಜೈಲಿಗೆ ಹೋದವರು ಯೂಸುಫ್ (ಅ) ಅವರೇ. ದೊಡ್ಡವರ ಮನೆಯ ಮಾನ ಉಳಿಯಬೇಕಿತ್ತು, ಗುಲಾಮನಿಗೆ ಯಾರಿದ್ದಾರೆ?

ಜೈಲಿನಲ್ಲಿ ಎಷ್ಟೋ ವರ್ಷ ಕಳೆಯಿತು. ಅಲ್ಲಿ ಅವರು ಮೂಲೆಯಲ್ಲಿ ಕೂತು ಹಣೆಬರಹಕ್ಕೆ ಅಳಲಿಲ್ಲ. ಜೊತೆಯಲ್ಲಿದ್ದ ಇಬ್ಬರು ಕೈದಿಗಳಿಗೆ ಅವರ ಮೇಲೆ ಭರವಸೆ ಹುಟ್ಟುವ ಹಾಗೆ ಬದುಕಿದರು. ತಾವು ಕಂಡ ಕನಸಿನ ಅರ್ಥ ಕೇಳಲು ಬಂದವರಿಗೆ ಮೊದಲು ಏಕೈಕನಾದ ಅಲ್ಲಾಹನ ಬಗ್ಗೆ ಹೇಳಿ, ನಂತರ ಕನಸಿನ ಅರ್ಥ ಹೇಳಿದರು. ಬಿಡುಗಡೆ ಆಗಲಿದ್ದವನ ಹತ್ತಿರ ನನ್ನ ವಿಷಯ ನಿನ್ನ ಒಡೆಯನಿಗೆ ತಿಳಿಸು ಅಂತ ಕೇಳಿಕೊಂಡರು. ಹೊರಗೆ ಹೋದವನು ಮರೆತೇಬಿಟ್ಟ.

ಬಾವಿಗಿಂತ ಈ ಮರೆವು ದೊಡ್ಡ ಕತ್ತಲು ಅಂತ ನನಗೆ ಅನ್ನಿಸುತ್ತದೆ. ಬಾವಿಯಲ್ಲಿ ಒಂದೋ ಎರಡೋ ದಿನ. ಇಲ್ಲಿ ಬಾಗಿಲು ತೆರೆಯುತ್ತದೆ ಅಂತ ಆಸೆ ಹುಟ್ಟಿ, ಆಮೇಲೆ ವರ್ಷಗಟ್ಟಲೆ ಯಾರೂ ಬರಲಿಲ್ಲ. ನಮ್ಮ ಕಾಲದಲ್ಲೂ ವಿಚಾರಣೆ ಮುಗಿಯದೆ ವರ್ಷಾನುಗಟ್ಟಲೆ ಒಳಗಿದ್ದು, ಕೊನೆಗೆ ನಿರಪರಾಧಿ ಅಂತ ಹೊರಬಂದವರ ಸುದ್ದಿ ಓದ್ತೇವೆ. ಅಂಥ ಮನೆಯ ತಾಯಂದಿರಿಗೆ ಈ ಆಯತುಗಳನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹದಿನೈದನೇ ವರ್ಷ

ಮಿಸ್ರ್‌ನ ರಾಜನಿಗೆ ಕನಸು ಬಿತ್ತು. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುತ್ತಿವೆ, ಏಳು ಹಸಿರು ತೆನೆ, ಮತ್ತೆ ಒಣಗಿದ ತೆನೆಗಳು. ಆಸ್ಥಾನದವರಿಗೆ ಅರ್ಥ ಆಗಲಿಲ್ಲ. ಆಗ ಆ ಹಳೆಯ ಕೈದಿಗೆ ಯೂಸುಫ್ (ಅ) ನೆನಪಾದರು. ಓಡಿಕೊಂಡು ಜೈಲಿಗೆ ಬಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟು ವರ್ಷ ಮರೆತಿದ್ದವನು ತನ್ನ ಕೆಲಸ ಇದ್ದಾಗ ಬಂದಿದ್ದಾನೆ. ನಾವಾದರೆ ಎರಡು ಮಾತು ಬೈಯದೆ ಬಿಡುತ್ತಿರಲಿಲ್ಲ. ಮೊದಲು ನನ್ನನ್ನು ಬಿಡಿಸು, ಮತ್ತೆ ಅರ್ಥ ಹೇಳ್ತೇನೆ ಅಂತ ಚೌಕಾಸಿ ಮಾಡುತ್ತಿದ್ದೆವು. ಯೂಸುಫ್ (ಅ) ಎರಡೂ ಮಾಡಲಿಲ್ಲ. ಹಸಿವಿನ ವಿಷಯದಲ್ಲಿ ಚೌಕಾಸಿ ಇಲ್ಲ ಅನ್ನುವ ಹಾಗೆ ನೇರವಾಗಿ ಉತ್ತರ ಕೊಟ್ಟರು. ಬರೀ ಅರ್ಥ ಹೇಳಿ ಸುಮ್ಮನಾಗಲಿಲ್ಲ, ಏನು ಮಾಡಬೇಕು ಅನ್ನುವುದನ್ನೂ ಹೇಳಿದರು. ಏಳು ವರ್ಷ ಬಿಡದೆ ಬೇಸಾಯ ಮಾಡಿ. ಕೊಯ್ದದ್ದರಲ್ಲಿ ತಿನ್ನುವುದಕ್ಕೆ ಬೇಕಾದ ಸ್ವಲ್ಪ ತೆಗೆದು ಉಳಿದದ್ದನ್ನು ತೆನೆಯಲ್ಲೇ ಇಡಿ. ನಂತರ ಬರುವ ಏಳು ಕಠಿಣ ವರ್ಷಗಳು ಕೂಡಿಟ್ಟದ್ದನ್ನು ತಿಂದು ಹಾಕುತ್ತವೆ, ಕಾಪಿಡುವ ಸ್ವಲ್ಪ ಮಾತ್ರ ಉಳಿಯುತ್ತದೆ.

ತೆನೆಯಲ್ಲೇ ಇಡಬೇಕು ಅನ್ನುವ ಮಾತಿನ ಬೆಲೆ ಬಯಲುಸೀಮೆಯ ರೈತನಿಗೆ ಚೆನ್ನಾಗಿ ಗೊತ್ತು. ಸಿಪ್ಪೆಯೊಳಗಿರುವ ಕಾಳಿಗೆ ಹುಳ, ತೇವ ಬೇಗ ತಾಗುವುದಿಲ್ಲ. ಚಳ್ಳಕೆರೆ ಕಡೆ ಬಿತ್ತನೆಗಿಡುವ ಶೇಂಗಾವನ್ನು ಇವತ್ತಿಗೂ ಕಾಯಿಯಲ್ಲೇ ಇಟ್ಟು, ಬಿತ್ತುವ ದಿನ ಹತ್ತಿರ ಬಂದಾಗ ಸುಲಿಯುತ್ತಾರೆ. ಮೊದಲೇ ಸುಲಿದರೆ ಬೀಜದ ಮೊಳಕೆ ಶಕ್ತಿ ಹೋಗುತ್ತದೆ. ಹಿಂದೆಲ್ಲ ಬಯಲುಸೀಮೆಯ ಹಳ್ಳಿಗಳಲ್ಲಿ ಹಗೇವು ಇರುತ್ತಿದ್ದವು. ಗಟ್ಟಿ ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಬಳಿಯುವುದು. ಒಳಗಿನ ಗಾಳಿ ಉಸಿರು ಕಟ್ಟಿಸುವಂಥದ್ದು, ಅದಕ್ಕೆ ಬಾಯಿ ತೆರೆದು ಬಹಳ ಹೊತ್ತು ಬಿಟ್ಟ ಮೇಲೆಯೇ ಮನುಷ್ಯರು ಇಳಿಯುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಳ್ಳೆ ವರ್ಷದ ಹಗೇವು ಕೆಟ್ಟ ವರ್ಷದ ಊಟ.

ಹಗೇವು ಬರಿದಾದರೆ ಏನಾಗುತ್ತದೆ ಅನ್ನುವುದಕ್ಕೂ ಈ ನಾಡಿನಲ್ಲಿ ಸಾಕ್ಷಿ ಉಂಟು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಸಂಸ್ಥಾನದ ಜನ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದರು. ಒಂದು ಕನಸಿಗೆ ಸರಿಯಾದ ಅರ್ಥ ಹೇಳಿ, ಸಮಯಕ್ಕೆ ಸರಿಯಾಗಿ ಕಾಳು ಕೂಡಿಸಿಟ್ಟವರು ಎಷ್ಟು ಜೀವ ಉಳಿಸಿರಬಹುದು ಅಂತ ಈ ಲೆಕ್ಕ ನೋಡಿದಾಗ ಅಂದಾಜಾಗುತ್ತದೆ.

ಯೂಸುಫ್ (ಅ) ಹೇಳಿದ್ದರಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಒಂದು, ಆ ಕಾಪಿಡುವ ಸ್ವಲ್ಪ. ಅದು ಬಿತ್ತನೆಗೆ ಇಡುವ ಬೀಜ ಅಂತ ಮುಫಸ್ಸಿರ್‌ಗಳು ವಿವರಿಸುತ್ತಾರೆ. ಏಳನೇ ಬರದ ವರ್ಷ, ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ, ಕಣಜದ ಮೂಲೆಯಲ್ಲಿ ಹಿಡಿ ಕಾಳು ಉಂಟು. ಆ ಕಾಳನ್ನು ಮುಟ್ಟಬಾರದು. ಬೀಜ ತಿಂದವನು ಇನ್ನು ಮಳೆ ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಬೀಜ ಉಳಿಸಿದವನು ಅಲ್ಲಾಹನ ರಹ್ಮತ್ ಬರುತ್ತದೆ ಅಂತ ಕೈಯಿಂದ ಸಾಕ್ಷಿ ಹೇಳಿದ ಹಾಗೆ.

ಎರಡನೆಯದು, ರಾಜನ ಕನಸಿನಲ್ಲಿ ಇದ್ದದ್ದು ಹದಿನಾಲ್ಕು ವರ್ಷ ಮಾತ್ರ. ಏಳು ಹಸು, ಏಳು ಹಸು. ಅದರ ನಂತರ ಏನು ಅಂತ ಕನಸಿನಲ್ಲಿ ಇರಲಿಲ್ಲ. ಹದಿನೈದನೇ ವರ್ಷದ ಸುದ್ದಿಯನ್ನು ಯೂಸುಫ್ (ಅ) ತಾವಾಗಿ ಸೇರಿಸಿದರು. ಜನರಿಗೆ ಮಳೆ ಸಿಗುವ, ಅವರು ಹಿಂಡುವ ವರ್ಷ ಒಂದು ಬರುತ್ತದೆ ಅಂದರು. ಹಿಂಡುವುದು ಅಂದರೆ ದ್ರಾಕ್ಷಿ, ಆಲಿವ್, ಎಳ್ಳು ಇಂಥವನ್ನು ಗಾಣಕ್ಕೆ ಹಾಕುವಷ್ಟು ಬೆಳೆ. ಶೇಂಗಾ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಬಂದ ವರ್ಷ ಗಿರಣಿ ತಿರುಗುತ್ತದೆ, ಇಲ್ಲದ ವರ್ಷ ಊರೇ ಮೌನ. ಈ ಹೆಚ್ಚಿನ ಸುದ್ದಿ ಅಲ್ಲಾಹನು ಅವರಿಗೆ ಕೊಟ್ಟ ಜ್ಞಾನ ಅಂತ ವಿದ್ವಾಂಸರು ಹೇಳುತ್ತಾರೆ. ತಾನೇ ಇನ್ನೂ ಕತ್ತಲ ಕೋಣೆಯಲ್ಲಿದ್ದು, ಹೊರಗಿನವರಿಗೆ ಮಳೆಯ ವರ್ಷದ ಸುದ್ದಿ ಕೊಟ್ಟವರು ಅವರು.

ರಾಜ ಕರೆಸಿದ. ಆರೋಪ ತೊಳೆದುಹೋಗದೆ ಹೊರಗೆ ಬರುವುದಿಲ್ಲ ಅಂತ ಯೂಸುಫ್ (ಅ) ನಿಂತುಬಿಟ್ಟರು. ವಿಚಾರಣೆ ನಡೆಯಿತು, ಅಝೀಝನ ಹೆಂಡತಿ ಸತ್ಯ ಒಪ್ಪಿಕೊಂಡಳು. ಆಮೇಲೆ ನಾಡಿನ ಉಗ್ರಾಣಗಳ ಜವಾಬ್ದಾರಿಯನ್ನು ತಾವೇ ಕೇಳಿ ತೆಗೆದುಕೊಂಡರು. ಬೈಬಲ್ ಪ್ರಕಾರ ಆಗ ಅವರಿಗೆ 30 ವರ್ಷ. ಬರದ ವರ್ಷಗಳಲ್ಲಿ ಅವರು ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ, ಉಂಡರೆ ಹಸಿದವರು ಮರೆತುಹೋಗುತ್ತಾರೆ ಅನ್ನುವ ಹೆದರಿಕೆ ಅವರಿಗಿತ್ತು ಅಂತ ತಫ್ಸೀರ್ ಗ್ರಂಥಗಳಲ್ಲಿ ಬಂದಿದೆ.

ಅತ್ತರೂ ಆಸೆ ಬಿಡದ ತಂದೆ

ಬರ ಮಿಸ್ರ್ ದಾಟಿ ಕನ್‌ಆನಿಗೂ ಮುಟ್ಟಿತು. ಧಾನ್ಯ ಹುಡುಕಿಕೊಂಡು ಬಂದವರಲ್ಲಿ ಆ ಅಣ್ಣಂದಿರೂ ಇದ್ದರು. ಯೂಸುಫ್ (ಅ) ಗುರುತು ಹಿಡಿದರು, ಅವರಿಗೆ ಗುರುತು ಸಿಗಲಿಲ್ಲ. ತಲೆಗೆ ಒಂದು ಒಂಟೆ ಹೊರೆ ಧಾನ್ಯ ಸಿಗುತ್ತಿತ್ತು, ನಮ್ಮ ರೇಷನ್ ಅಂಗಡಿಯ ಲೆಕ್ಕದ ಹಾಗೆ. ಮುಂದಿನ ಸಲ ಕಿರಿಯ ತಮ್ಮನನ್ನು ಕರೆತನ್ನಿ, ಇಲ್ಲದಿದ್ದರೆ ಧಾನ್ಯ ಇಲ್ಲ ಅಂತ ಹೇಳಿ, ಅವರು ಕೊಟ್ಟ ಬೆಲೆಯನ್ನು ಗೊತ್ತಾಗದ ಹಾಗೆ ಅವರ ಚೀಲದಲ್ಲೇ ವಾಪಸು ಇಡಿಸಿದರು. ಎರಡನೇ ಸಲ ಬಿನ್‌ಯಾಮೀನ್ ಬಂದಾಗ, ರಾಜನ ಅಳತೆಯ ಪಾತ್ರೆ ಅವನ ಸಾಮಾನಿನಲ್ಲಿ ಸಿಕ್ಕಿದ ನೆಪದಲ್ಲಿ ಅವನನ್ನು ತಮ್ಮ ಬಳಿ ಉಳಿಸಿಕೊಂಡರು.

ಆ ಕಡೆ ಮನೆಯಲ್ಲಿ ಯಾಕೂಬರಿಗೆ ಈಗ ಎರಡನೇ ಮಗನೂ ಇಲ್ಲ. ಯೂಸುಫ್ ದೂರವಾಗಿ ಬೈಬಲ್ ಲೆಕ್ಕದಲ್ಲಿ 22 ವರ್ಷ ಆಗಿತ್ತು, 40 ಅನ್ನುವ ಮುಫಸ್ಸಿರ್‌ಗಳೂ ಇದ್ದಾರೆ. ಅತ್ತು ಅತ್ತು ಆ ತಂದೆಯ ಕಣ್ಣು ಬಿಳುಪಾಗಿ ಹೋಯಿತು. ಇನ್ನೂ ಯೂಸುಫ್ ಯೂಸುಫ್ ಅನ್ನುತ್ತೀರಲ್ಲ, ಸತ್ತೇ ಹೋಗ್ತೀರಿ ಅಂತ ಮಕ್ಕಳು ಆಡಿಕೊಂಡರು. ನನ್ನ ದುಃಖವನ್ನು ನಾನು ಹೇಳಿಕೊಳ್ಳುವುದು ಅಲ್ಲಾಹನ ಹತ್ತಿರ ಮಾತ್ರ ಅಂತ ಅವರು ಉತ್ತರ ಕೊಟ್ಟರು. ಮತ್ತೆ ಅದೇ ಬಾಯಲ್ಲಿ, ಹೋಗಿ ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಅಂತ ಕಳಿಸಿದರು.

ಕಷ್ಟದಲ್ಲಿರುವವರಿಗೆ ನಾವು ಏನು ಹೇಳ್ತೇವೆ? ಅಳಬೇಡ, ಸಬ್ರ್ ಮಾಡು, ಅತ್ತರೆ ಈಮಾನ್ ಕಡಿಮೆ ಆಗುತ್ತದೆ ಅಂತ. ಯಾಕೂಬ್ (ಅ) ಅವರ ಬದುಕು ಇದನ್ನು ಒಪ್ಪುವುದಿಲ್ಲ. ಅವರು ಪ್ರವಾದಿ, ಸಬ್ರ್‌ನ ದೊಡ್ಡ ಉದಾಹರಣೆ, ಆದರೂ ಕಣ್ಣು ಹೋಗುವಷ್ಟು ಅತ್ತರು. ಅಳುವುದು ನಿರಾಶೆಯ ಗುರುತು ಅಲ್ಲ. ಇನ್ನು ಹುಡುಕುವುದೇ ಬೇಡ ಅಂತ ಕೂತುಬಿಡುವುದು ನಿರಾಶೆ. ಗಲ್ಫಿಗೆ ಹೋದ ಮಗನಿಂದ ಫೋನು ಬಾರದ ಉಮ್ಮಂದಿರು, ಸಾಲದ ಕಂತು ಕಟ್ಟಲಾಗದೆ ರಾತ್ರಿ ನಿದ್ದೆ ಬಾರದ ಬಾಪಂದಿರು, ಬೆಳೆ ಒಣಗಿದ ಹೊಲದ ಬದುವಿನಲ್ಲಿ ಕೂತ ರೈತ, ಇವರೆಲ್ಲ ಅಳಲಿ. ಜೀವ ಕಳೆದುಕೊಳ್ಳುವ ಯೋಚನೆ ಮಾತ್ರ ಹತ್ತಿರ ಬಾರದಿರಲಿ. ಹಾಗೆ ಅನ್ನಿಸಿದ ಕ್ಷಣ ಮನೆಯವರಲ್ಲೋ, ಗೆಳೆಯರಲ್ಲೋ, ವೈದ್ಯರಲ್ಲೋ ಬಾಯಿಬಿಟ್ಟು ಹೇಳಬೇಕು. ಕೇಳುವವರು ಬುದ್ಧಿವಾದ ಹೇಳುವ ಮೊದಲು ಜೊತೆಯಲ್ಲಿ ಕೂತುಕೊಳ್ಳಬೇಕು.

ಮೂರನೇ ಅಂಗಿ

ಮೂರನೇ ಸಲ ಬಂದ ಅಣ್ಣಂದಿರ ಕೈಯಲ್ಲಿ ಬೆಲೆಬಾಳುವಂಥದ್ದು ಏನೂ ಇರಲಿಲ್ಲ. ಮನೆಯವರಿಗೆಲ್ಲ ಕಷ್ಟ ಬಂದಿದೆ, ಈ ಕಳಪೆ ಸಾಮಾನಿಗೆ ಅಳತೆ ತುಂಬಿ ಕೊಡಿ, ಸದಕಾ ಅಂತ ಕೊಡಿ ಅಂತ ಬೇಡಿಕೊಂಡರು. ತಮ್ಮನ್ನು ಬಾವಿಗೆ ಹಾಕಿದ ಕೈಗಳು ಈಗ ತಮ್ಮ ಮುಂದೆಯೇ ಚಾಚಿವೆ. ಯೂಸುಫ್ (ಅ) ಇನ್ನು ತಡೆದುಕೊಳ್ಳಲಿಲ್ಲ, ತಾವು ಯಾರು ಅಂತ ಹೇಳಿದರು. ಇವತ್ತು ನಿಮ್ಮ ಮೇಲೆ ಯಾವ ದೂರೂ ಇಲ್ಲ ಅಂತ ಕ್ಷಮಿಸಿದರು. ಆಸ್ತಿ ಪಾಲಿನ ಹೆಸರಲ್ಲಿ ಅಣ್ಣತಮ್ಮಂದಿರು ಸಲಾಂ ಕೂಡ ಹೇಳದ ಮನೆಗಳು ನಮ್ಮಲ್ಲಿ ಎಷ್ಟು ಉಂಟು! ಹಿಜ್ರಾ 8ನೇ ವರ್ಷ ಮಕ್ಕಾ ಗೆದ್ದ ದಿನ ನಮ್ಮ ಪ್ರವಾದಿ (ಸ) ತಮ್ಮನ್ನು ಊರು ಬಿಡಿಸಿದವರನ್ನು ಕ್ಷಮಿಸುವಾಗ ಯೂಸುಫರ ಇದೇ ನಡೆಯನ್ನು ನೆನಪಿಸಿದರು ಅಂತ ಸೀರಾ ಗ್ರಂಥಗಳಲ್ಲಿ ಓದ್ತೇವೆ.

ಈ ಬದುಕಿನಲ್ಲಿ ಮೂರು ಅಂಗಿಗಳು ಬರುತ್ತವೆ. ಮೊದಲನೆಯದು ಸುಳ್ಳು ರಕ್ತದ್ದು, ತಂದೆಯನ್ನು ಅಳಿಸಿದ್ದು. ಎರಡನೆಯದು ಹಿಂದಿನಿಂದ ಹರಿದದ್ದು, ಸಾಕ್ಷಿ ಹೇಳಿಯೂ ಜೈಲು ತಪ್ಪಿಸದೆ ಹೋದದ್ದು. ಮೂರನೆಯದನ್ನು ಯೂಸುಫ್ (ಅ) ತಂದೆಯ ಮುಖಕ್ಕೆ ಹಾಕಲು ಕಳಿಸಿದರು, ಹೋದ ಕಣ್ಣು ಬಂತು. ಮನೆಯವರೆಲ್ಲ ಮಿಸ್ರ್‌ಗೆ ಬಂದರು. ತಂದೆ ತಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದಾಗ ಬಾಲ್ಯದ ಕನಸು ನಿಜವಾಯಿತು. ಗಮನಿಸಿ, ಈ ಮನೆಯವರನ್ನು ಒಟ್ಟುಗೂಡಿಸಿದ್ದು ಒಂದು ಬರ. ಮಳೆ ಸರಿಯಾಗಿ ಬಂದಿದ್ದರೆ ಆ ಅಣ್ಣಂದಿರು ಮಿಸ್ರ್‌ನ ದಾರಿಯನ್ನೇ ಹಿಡಿಯುತ್ತಿರಲಿಲ್ಲ.

ಎಲ್ಲ ಕೈಗೆ ಬಂದ ಮೇಲೆ ಯೂಸುಫ್ (ಅ) ಕೇಳಿದ ದುಆ, ಮುಸ್ಲಿಮನಾಗಿ ಮರಣ ಕೊಡು, ಸಜ್ಜನರ ಜೊತೆ ಸೇರಿಸು ಅನ್ನುವುದು. ಬೈಬಲ್ ಪ್ರಕಾರ ಅವರು 110ನೇ ವಯಸ್ಸಿನಲ್ಲಿ ತೀರಿಕೊಂಡರು. ನೀವು ಒಂದು ದಿನ ಈ ನಾಡು ಬಿಟ್ಟು ನಮ್ಮ ಊರಿಗೆ ವಾಪಸು ಹೋಗುತ್ತೀರಿ, ಆಗ ನನ್ನನ್ನೂ ಕರೆದುಕೊಂಡು ಹೋಗಿ ಅಂತ ತಮ್ಮವರಿಗೆ ಹೇಳಿದ್ದರು. ತಲೆಮಾರುಗಳು ಕಳೆದು, ಫಿರ್‌ಔನನ ಕೈಯಿಂದ ಬನೂ ಇಸ್ರಾಈಲರನ್ನು ಬಿಡಿಸಿ ಹೊರಟ ಮೂಸಾ (ಅ) ಅವರ ಅವಶೇಷವನ್ನು ಜೊತೆಯಲ್ಲಿ ಒಯ್ದರು. ಸಾಯುವಾಗಲೂ ಅವರು ಬೀಜ ಇಟ್ಟೇ ಹೋಗಿದ್ದರು.

ಬೀಜ ಇಟ್ಟವರ ಕಾಯುವಿಕೆ ಸುಳ್ಳಾಗುವುದಿಲ್ಲ ಅನ್ನುವುದಕ್ಕೆ ಚಳ್ಳಕೆರೆಯ ಪಕ್ಕದ ಹಿರಿಯೂರಿನಲ್ಲೂ ಒಂದು ಸಾಕ್ಷಿ ಉಂಟು. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದ ಮೇಲೆ. ಆ ನೀರು ಚಳ್ಳಕೆರೆ ತಾಲೂಕಿನ ನದಿ ಪಾತ್ರದಲ್ಲಿ ಹರಿಯುವುದನ್ನು ನೋಡಲು ಜನ ಸಾಲುಗಟ್ಟಿ ನಿಂತಿದ್ದರು. ಆ ಅಣೆಕಟ್ಟು ಇನ್ನು ತುಂಬುವುದಿಲ್ಲ ಅಂತ ಹೇಳಿಕೊಂಡೇ ಎಷ್ಟೋ ಜನ ತೀರಿಕೊಂಡಿದ್ದರು.

ಈ ವಾರ ಮಗ್ರಿಬ್ ನಂತರ ಮಕ್ಕಳನ್ನು ಕೂರಿಸಿಕೊಂಡು ಸೂರಃ ಯೂಸುಫನ್ನು ಅರ್ಥ ಸಹಿತ ಓದಿ. ಬಾವಿ, ತೋಳ ಅವರಿಗೆ ಗೊತ್ತಿರುತ್ತದೆ, ಹದಿನೈದನೇ ವರ್ಷದ ವಿಷಯವನ್ನೂ ಹೇಳಿಕೊಡಿ. ಪಕ್ಕದ ಮನೆಯಲ್ಲಿ ಯಾರಿಗಾದರೂ ಈಗ ಬಡಕಲು ಹಸುಗಳ ವರ್ಷ ನಡೆಯುತ್ತಿದ್ದರೆ ಒಂದು ಒಂಟೆ ಹೊರೆಯಲ್ಲದಿದ್ದರೂ ಒಂದು ಚೀಲ ಅಕ್ಕಿ ಮುಟ್ಟಿಸಿ. ಬೀಜ ತಿನ್ನಬೇಕಾದ ಗತಿ ಯಾವ ಮನೆಗೂ ಬಾರದ ಹಾಗೆ ಅಲ್ಲಾಹನು ಕಾಪಾಡಲಿ, ಕಾಯುವವರಿಗೆಲ್ಲ ಮಳೆಯ ವರ್ಷ ತೋರಿಸಲಿ. ಆಮೀನ್.